ಗೇಟು ಎತ್ತಿದ ಲೆಕ್ಕ

ಶಿಕಾರಿಪುರದ ಕಾಲೇಜೊಂದರಲ್ಲಿ ಗಣಿತ ಹೇಳುವ ಯತೀಶ ವರ್ಷಾವರ್ಷ ಬೋರ್ಡಿಗೆ ಸೀಮೆಸುಣ್ಣ ಕುಟ್ಟಿ ಗದರುತ್ತಿದ್ದ: "ಲೆಕ್ಕ ಹೆಜ್ಜೆಹೆಜ್ಜೆಯಾಗಿ ಇಳೀತಾ ಬಂದು, ಕೊನೇ ಎರಡು ಉತ್ತರ ಹತ್ತಿರ ಆದ್ವು ಅಂತ ನಿಲ್ಲಿಸ್ಬೇಡ್ರೋ! ಹೆಜ್ಜೆ ಸಣ್ಣದಾದ್ರೂ ನಿಜವಾದ ಉತ್ತರ ಇನ್ನೂ ದೂರ ಇರಬಹುದು. ತಪ್ಪು ಎಷ್ಟರೊಳಗೆ ಇದೆ ಅಂತ ಮೊದಲು ಮಿತಿ ಕಟ್ಟಿ."

ಸೊರಬದ ಕಡೆ ತನ್ನೂರು ಜಡೆಯಲ್ಲಿ, ಕೆರೆಯ ತೂಬಿನ ಗೇಟು ಎಷ್ಟು ಎತ್ತಬೇಕೆಂದು ಫೋನಿನಲ್ಲಿ ಹೇಳುವ ಪ್ರೋಗ್ರಾಂ ಬರೆದುಕೊಟ್ಟಾಗ ಮಾತ್ರ ಆ ಮಿತಿಯ ಗೋಜಿಗೆ ಹೋಗಲಿಲ್ಲ. ಎರಡು ಉತ್ತರ ಹತ್ತಿರವಾದರೆ ನಿಲ್ಲು ಎಂದು ಬರೆದು ಕೈತೊಳೆದುಕೊಂಡಿದ್ದ. ಇನ್ನೂ ಇಳಿಯಬೇಕಿದ್ದ ಲೆಕ್ಕ ನಡುವೆಯೇ ನಿಂತು, ಬೇಕಾದ್ದಕ್ಕಿಂತ ಹೆಚ್ಚು ಎತ್ತರ ತೋರಿಸಿತು. ಕೆರೆ ನೀರು ಬಿಡುವ ನೀರುಗಂಟಿ ಗುಡ್ಡಪ್ಪ, ಫೋನು ಹೇಳಿದಷ್ಟೇ ಗೇಟು ಎತ್ತಿದ. ನೀರು ನುಗ್ಗಿ ನಿಂಗಮ್ಮನ ಗದ್ದೆಯಲ್ಲಿ ಆಗಷ್ಟೇ ನೆಟ್ಟ ಸಸಿಯೆಲ್ಲ ಕೊಚ್ಚಿಹೋಯಿತು. ಊರು ಗುಡ್ಡಪ್ಪನ ಮೇಲೆ ಹರಿಹಾಯ್ದಿತು.

ಸುದ್ದಿ ಕೇಳಿ ಪ್ರೋಗ್ರಾಂ ತೆರೆದು ನೋಡಿದ ಯತೀಶನಿಗೆ ತನ್ನ ತಪ್ಪು ಕಣ್ಣಿಗೆ ಬಿತ್ತು. ಬಸ್ಸು ಹಿಡಿದು ಊರಿಗೆ ಬಂದ. ಗುಡ್ಡಪ್ಪ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಗುಡ್ಡಪ್ಪಣ್ಣ, ನಿಮ್ಮ ಕೈ ತಪ್ಪಿಲ್ಲ. ತಪ್ಪಿದ್ದು ನನ್ನ ಲೆಕ್ಕ."

ಗುಡ್ಡಪ್ಪ ಅವನ ಎರಡೂ ಕೈ ಹಿಡಿದುಕೊಂಡ. "ದೊಡ್ಡ ಮನಸ್ಸು ನಿಮ್ದು ಮೇಷ್ಟ್ರೇ. ನನ್ನ ಮರ್ಯಾದೆ ಉಳಿಸಕ್ಕೆ ತಪ್ಪು ನಿಮ್ಮ ಮೇಲೆ ಹಾಕ್ಕೊಳ್ತಿದೀರಿ. ಗೇಟಿನ ಕೀಲಿ ಪಂಚಾಯ್ತಿಗೆ ಕೊಟ್ಟುಬಿಟ್ಟೆ, ಇನ್ನು ಈ ಕೆಲಸ ಸಾಕು."

"ಅಯ್ಯೋ, ನಿಜವಾಗ್ಲೂ ನಂದೇ ತಪ್ಪು ಮಾರಾಯ್ರೆ!" ಯತೀಶ ಮತ್ತೆ ಹೇಳಿದ, ಮತ್ತೂ ಹೇಳಿದ. ಹೇಳಿದಷ್ಟೂ ಗುಡ್ಡಪ್ಪನ ಕಣ್ಣಲ್ಲಿ ಅವನು ಇನ್ನಷ್ಟು ದೊಡ್ಡವನಾಗುತ್ತ ಹೋದ.