ಏಕಾದಶಿಯ ಕಾರು

ನಮ್ಮಪ್ಪ ಸುಳ್ಳು ಹೇಳುತ್ತಿದ್ದದ್ದು ತಿಂಗಳಿಗೆ ಎರಡೇ ಸಲ, ಅದೂ ಏಕಾದಶಿಯ ದಿನ. ಮಿಕ್ಕ ದಿನಗಳಲ್ಲಿ ಅವರು ಸತ್ಯಹರಿಶ್ಚಂದ್ರನಿಗೇ ಪಾಠ ಹೇಳಬಲ್ಲವರು.

ಇದು ತೊಂಬತ್ತರ ಸುಮಾರಿನ ಮಾತು. ಆಗ ನಾವು ಮರೀನಾ ಕಡಲಿನ ಪಕ್ಕದ ತಿರುವಲ್ಲಿಕೇಣಿಯಲ್ಲಿದ್ದೆವು, ನಮ್ಮ ಕನ್ನಡದಲ್ಲಿ ತಮಿಳು ಬೆರೆತುಹೋಗಿತ್ತು. ಅಪ್ಪ ಉಪೇಂದ್ರ, ಗಿಂಡಿ ಬಡಾವಣೆಯ ಒಂದು ಪಂಪ್‌ಸೆಟ್ ಕಾರ್ಖಾನೆಯಲ್ಲಿ ಇಂಜಿನಿಯರ್. ಯಾರೋ ಓಡಿಸಿ ಬಿಟ್ಟಿದ್ದ ಕೆನೆಬಣ್ಣದ ಫಿಯಟ್ ಒಂದನ್ನು ಕೊಂಡು, ಅದನ್ನು ಮನೆದೇವರಿಗಿಂತ ಒಂದು ತೂಕ ಹೆಚ್ಚಾಗಿಯೇ ನೋಡಿಕೊಳ್ಳುತ್ತಿದ್ದರು. ಅಮ್ಮ ಜಯಲಕ್ಷ್ಮಿಗೆ ಮಾತ್ರ ದೇವರೇ ದೇವರು. ಏಕಾದಶಿ ಬಂತೆಂದರೆ ಅವರು ನೀರೂ ಮುಟ್ಟುತ್ತಿರಲಿಲ್ಲ. ದಶಮಿಯ ಸಂಜೆಯೇ ಒಲೆ ತೊಳೆದು ರಂಗೋಲಿ ಎಳೆದುಬಿಟ್ಟರೆ, ದ್ವಾದಶಿಯ ಬೆಳಗಿನ ಪಾರಣೆಯವರೆಗೆ ಅಡುಗೆಮನೆಯಲ್ಲಿ ಒಂದು ಲೋಟವೂ ಸದ್ದು ಮಾಡುವಂತಿರಲಿಲ್ಲ.

ಎಂಟು ತುಂಬಿದವರಿಂದ ಹಿಡಿದು ಎಂಬತ್ತು ದಾಟದವರವರೆಗೆ ಎಲ್ಲರೂ ಉಪವಾಸ ಇರಬೇಕೆಂದು ಶಾಸ್ತ್ರ. ನನ್ನ ಎಂಟನೆಯ ಹುಟ್ಟುಹಬ್ಬಕ್ಕೆ ಅಮ್ಮ ಹೊಸ ಲಂಗ ಹೊಲಿಸಿಕೊಟ್ಟರು, ಅಲ್ಲಿಯವರೆಗೆ ಚಿಕ್ಕವಳೆಂದು ಕೊಡುತ್ತಿದ್ದ ಅವಲಕ್ಕಿಯನ್ನು ಮುಂದಿನ ಏಕಾದಶಿಯಿಂದ ನಿಲ್ಲಿಸಿದರು. ಆ ಏಕಾದಶಿಯ ಸಂಜೆ ಐದು ಗಂಟೆಗೆ ಅಪ್ಪ ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ.

"ಜಯಾ, ಗಾಡೀಲಿ ಏನೋ ಸೌಂಡ್ ಬರ್ತಿದೆ. ಒಂದು ರೌಂಡ್ ಹೋಗಿ ನೋಡ್ಕೊಂಡು ಬರ್ತೀನಿ. ಸುಮೀನೂ ಬರ್ಲಿ. ಪಾವಂ, ಮನೇಲಿ ಕೂತ್ರೆ ಹಸಿವು ಜಾಸ್ತಿ ಆಗತ್ತೆ" ಅಂದರು.

ಕಳ್ಳನಿಗೊಂದು ಪಿಳ್ಳೆ ನೆವ. ಗಾಡಿ ನೇರವಾಗಿ ರಾಯಪೇಟೆಯ ಒಂದು ಉಡುಪಿ ಹೋಟೆಲಿನ ಮುಂದೆ ನಿಂತಿತು. ಅಲ್ಲಿ ಬಡಿಸುತ್ತಿದ್ದ ಕಿಟ್ಟಣ್ಣನಿಗೆ ಅಪ್ಪನ ಪಂಚಾಂಗ ಪೂರ್ತಿ ಗೊತ್ತಿತ್ತು.

"ಎಂತ ಸ್ವಾಮೀ, ಇವತ್ತು ಏಕಾದಶಿ ಅಲ್ವಾ?"

"ಅದಕ್ಕೇ ಬಂದದ್ದು ಕಿಟ್ಟಣ್ಣ. ಎರಡು ಮಸಾಲೆ. ಈರುಳ್ಳಿ ಇಲ್ದೆ."

"ಪಲ್ಯದಲ್ಲಿ ನೀರುಳ್ಳಿ ಉಂಟಲ್ಲ ಮಾರಾಯ್ರೆ. ಕೂತ್ಕೊಳ್ಳಿ, ಬೇರೆ ಮಾಡಿಸ್ತೇನೆ."

ಈರುಳ್ಳಿ ಬೇಡವೆಂದದ್ದು ಮಡಿಯ ಮೇಲಿನ ಪ್ರೀತಿಯಿಂದಲ್ಲ, ಅಮ್ಮನ ಮೂಗಿನ ಭಯದಿಂದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದರೆ ಇದೇ. ತಿಂದು ಬಾಯಿ ಮುಕ್ಕಳಿಸಿ, ತುಪ್ಪದ ವಾಸನೆ ಹೋಗಲೆಂದು ಗಾಜು ಇಳಿಸಿಕೊಂಡು ಮರೀನಾ ರಸ್ತೆಯಲ್ಲಿ ಉದ್ದಕ್ಕೆ ಹೋಗಿ ಬರುತ್ತಿದ್ದೆವು. ಮನೆ ಬರುವ ಮುಂಚೆ ಕಾರಿನ ಕನ್ನಡಿಯಲ್ಲಿ ಇಬ್ಬರೂ ತುಟಿ ನೋಡಿಕೊಳ್ಳುತ್ತಿದ್ದೆವು. "ಕಾರಿನ ಮಾತು ಕಾರಲ್ಲೇ, ಶರಿಯಾ?" ಎನ್ನುತ್ತಿದ್ದರು ಅಪ್ಪ. ಆಮೇಲೆ ಅಮ್ಮನ ಪಕ್ಕ ಕೂತು ವಿಷ್ಣುಸಹಸ್ರನಾಮ. "ಮಗು ಮುಖ ಎಷ್ಟು ಬಾಡಿಹೋಗಿದೆ ನೋಡಿ" ಎಂದು ಅಮ್ಮ ಮರುಗಿದರೆ ನಾನು ಇನ್ನೂ ಸ್ವಲ್ಪ ಬಾಡುತ್ತಿದ್ದೆ.

ಅಂಥ ಸುಖ ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ. ಕಾಲೇಜಿನಲ್ಲಿ ಸಿಗಲಿಲ್ಲ, ಕೆಲಸದಲ್ಲಿ ಸಿಗಲಿಲ್ಲ, ನನ್ನ ಗಂಡ ಅಜಿತ್ ಬೇಜಾರು ಮಾಡಿಕೊಳ್ಳಬಾರದು, ಮದುವೆಯಲ್ಲೂ ಸಿಗಲಿಲ್ಲ. ಅಪ್ಪನ ಗುಟ್ಟೊಂದು ನನ್ನ ಬಳಿ ಇದೆಯೆಂಬ ಜಂಬದಲ್ಲಿ ನನ್ನ ಬಾಲ್ಯ ಕಳೆಯಿತು.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಅವರ ವರ್ಷಾಬ್ದಿಕ ಮುಗಿದ ಮೇಲೆ ಬಂದ ಮೊದಲ ಏಕಾದಶಿಯ ದಿನ, ಗಿಂಡಿಯಲ್ಲಿರುವ ನಮ್ಮ ಫ್ಲಾಟಿನಲ್ಲಿ, ಅಪ್ಪ ಕಾಫಿ ಬೇಡ ಅಂದರು. ನೀರೂ ಬೇಡ ಅಂದರು. ತಮಾಷೆ ಎಂದುಕೊಂಡು "ಗಾಡೀಲಿ ಸೌಂಡ್ ಬರ್ತಿದೆಯಾ ಅಪ್ಪಾ?" ಎಂದು ಕೇಳಿದೆ. ಅವರು ನಗಲಿಲ್ಲ. ಅಂದಿನಿಂದ ಒಂದು ಏಕಾದಶಿಯನ್ನೂ ಬಿಟ್ಟಿಲ್ಲ. ಎಪ್ಪತ್ತನಾಲ್ಕು ವರ್ಷ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. "ಮಾತ್ರೆ ಮಾತ್ರ ತಪ್ಪಿಸಲ್ಲ, ಹೆದರಬೇಡ" ಎಂದು ನನಗೆ ಧೈರ್ಯ ಬೇರೆ ಹೇಳುತ್ತಿದ್ದರು. ಮಾತ್ರೆ ನುಂಗಲು ಬೇಕಾದ ಒಂದು ಉದ್ಧರಣೆ ನೀರಿಗೆ ದೋಷವಿಲ್ಲವಂತೆ. ಹೊಟ್ಟೆಗೆ ಏನೂ ಇಲ್ಲದೆ ಆ ಮಾತ್ರೆ ನುಂಗುವುದೇ ಅಪಾಯ ಎಂದು ಅವರಿಗೂ ಹೊಳೆಯಲಿಲ್ಲ, ದೊಡ್ಡ ಬುದ್ಧಿವಂತೆಯಾದ ನನಗೂ ಹೊಳೆಯಲಿಲ್ಲ.

ಫಿಯಟ್ ಹೋಗಿ ಪುಟ್ಟ ಮಾರುತಿ ಬಂದಿದೆ. ನನ್ನ ಮಗಳು ಸಮೀಕ್ಷಾಗೆ ಒಂಬತ್ತು ವರ್ಷ. ವಾರಕ್ಕೆರಡು ದಿನ ಅವಳನ್ನು ಅಡಯಾರಿನ ನೃತ್ಯದ ತರಗತಿಯಿಂದ ಕರೆತರುವುದು ಅಪ್ಪ. ದ್ವಾದಶಿಯ ಬೆಳಗಿನಲ್ಲಿ ಕೆಳಗಿನ ಮನೆಯ ಚಂದ್ರಮತಿ ಅಜ್ಜಿಯನ್ನು ಪಾರಣೆಗೆ ಮಠಕ್ಕೆ ಕರೆದೊಯ್ಯುವುದೂ ಅಪ್ಪನೇ.

ಹೋದ ತಿಂಗಳು ಒಂದು ಬುಧವಾರ ಏಕಾದಶಿ ಬಿತ್ತು. ಸಂಜೆ ನಾನು ಆಫೀಸಿನಿಂದ ಬಂದಾಗ ಕಾರಿನ ಎಡಗಡೆಯ ಕನ್ನಡಿ ಇರಲಿಲ್ಲ. ಬಾಗಿಲಿನ ಉದ್ದಕ್ಕೂ ಗೀರು ಬಿದ್ದಿತ್ತು.

"ಬಸ್ಸು ಉಜ್ಜಿಕೊಂಡು ಹೋಯ್ತು" ಅಂದರು ಅಪ್ಪ.

"ಆಮಾ, ಬಸ್!" ಎಂದು ಹೌದೆನ್ನುವಂತೆ ತಲೆಯಾಡಿಸಿದಳು ಸಮೀಕ್ಷಾ. ಅವಳನ್ನು ಯಾರೂ ಕೇಳಿರಲಿಲ್ಲ. ಹೇಳುವ ಮುಂಚೆ ಒಂದು ಸಲ ತಾತನ ಮುಖ ನೋಡಿದಳು. ಅಯ್ಯೋ, ಆ ನೋಟ ನನ್ನದು. ಮೂವತ್ತೈದು ವರ್ಷದ ಹಿಂದೆ ಅಮ್ಮನ ಮುಂದೆ ನಿಂತು ನಾನು ನೋಡುತ್ತಿದ್ದ ನೋಟ ಅದೇ.

ತಲೆ ಬಾಚುವ ನೆಪದಲ್ಲಿ ಅವಳನ್ನು ಕೋಣೆಗೆ ಕರೆದೆ. ನಾನು ಬಾಯಿ ಬಿಡುವ ಮುಂಚೆಯೇ ಅವಳ ಕಣ್ಣಲ್ಲಿ ನೀರು. "ಅಮ್ಮಾ, ತಾತಾ ಇಳನೀರ್ ಕುಡಿಚ್ಚುಟ್ಟಾರ್. ಇವತ್ತು ಏಕಾದಶಿ ಅಲ್ವಾ? ಗಾಡ್ ಪನಿಷ್ ಮಾಡ್ತಾರಾ? ಯಾರಿಗೂ ಹೇಳ್ಬೇಡ, ಪ್ರಾಮಿಸ್ ಮಾಡಿದೀನಿ."

ಅವಳ ಪಾಲಿಗೆ ಗುಟ್ಟೆಂದರೆ ಎಳನೀರು. ಉಳಿದದ್ದನ್ನು ನಾನು ಒಂದೊಂದಾಗಿ ಕೇಳಿ ತಿಳಿದುಕೊಂಡೆ. ತಾತ ಸಿಗ್ನಲ್‌ನಲ್ಲಿ ನಿಲ್ಲಿಸಲಿಲ್ಲ. ಕರೆದರೆ ಮಾತಾಡಲಿಲ್ಲ. ಶರ್ಟು ಪೂರ್ತಿ ಬೆವರಿ ಒದ್ದೆಯಾಗಿತ್ತು. ಅವಳನ್ನು ಜಯಾ ಎಂದು ಕರೆದರು. ಕಾರು ಕಂಬಕ್ಕೆ ಉಜ್ಜಿಕೊಂಡು ಫುಟ್‌ಪಾತ್ ಹತ್ತಿ, ಎಳನೀರಿನ ತಳ್ಳುಗಾಡಿಗೆ ತಾಗಿ ನಿಂತಿತು. ಗಾಡಿಯವನು ಚಿಲ್ಲರೆ ತರಲು ಪಕ್ಕದ ಅಂಗಡಿಗೆ ಹೋಗಿದ್ದ. ಒಂದು ನಿಮಿಷ ಮುಂಚೆ ಅವನು ಅಲ್ಲೇ ನಿಂತಿದ್ದ. ಅವನು ಓಡಿಬಂದು ಅಪ್ಪನ ಮುಖ ನೋಡಿ, ಬೈಯುವುದನ್ನೂ ಬಿಟ್ಟು, ಟೀ ಅಂಗಡಿಯಿಂದ ಹಿಡಿ ಸಕ್ಕರೆ ತರಿಸಿ ಎಳನೀರಿನಲ್ಲಿ ಕಲಸಿ ಕುಡಿಸಿದನಂತೆ. ಎಚ್ಚರವಾದ ಮೇಲೆ ಅಪ್ಪ ಮೊಮ್ಮಗಳಿಗೆ ಹೇಳಿದ ಮೊದಲ ಮಾತು, "ಅಮ್ಮನಿಗೆ ಹೇಳ್ಬೇಡ ಕಣ್ಣಾ, ವ್ರತ ಕೆಟ್ಟುಹೋಯ್ತು."

ನನಗೆ ಮೈಯೆಲ್ಲ ಉರಿಯಿತು. ಎದ್ದು ಹೋಗಿ ಕೂಗಾಡಬೇಕಿತ್ತು. ನಾನು ಹೋಗಲಿಲ್ಲ. ಅಪ್ಪನ ಕಾರಿನ ಗುಟ್ಟನ್ನು ಅಪ್ಪನ ಮುಖಕ್ಕೇ ಒಡೆಯುವುದು ಹೇಗೆಂದು ನನಗೆ ತಿಳಿಯಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ನಾಳೆ ದ್ವಾದಶಿ. ಬೆಳಿಗ್ಗೆ ಅಪ್ಪ ಎಂದಿನಂತೆ ಚಂದ್ರಮತಿ ಅಜ್ಜಿಯನ್ನು ಕೂರಿಸಿಕೊಂಡು ಮಠಕ್ಕೆ ಹೋಗಿಬಂದರು. ನಾನು ಎಚ್ಚರವಾಗಿಯೇ ಇದ್ದೆ. ಮೂರನೆಯ ದಿನ ನೃತ್ಯದ ತರಗತಿ ಇಲ್ಲವೆಂದು ನಾನೇ ಒಂದು ಸುಳ್ಳು ಹೇಳಿ ಸಮೀಕ್ಷಾಳನ್ನು ಮನೆಯಲ್ಲಿ ಉಳಿಸಿಕೊಂಡೆ. ಸುಳ್ಳಿಗೆ ನಮ್ಮ ಮನೆಯಲ್ಲಿ ಎಂದೂ ಬರವಿಲ್ಲ.

ಶನಿವಾರ ಗುರುಚರಣನ ಕ್ಲಿನಿಕ್ಕಿಗೆ ಹೋಗಬೇಕಿತ್ತು. ಅಪ್ಪನ ಲೈಸೆನ್ಸ್ ರಿನ್ಯೂ ಆಗಬೇಕು, ಅದಕ್ಕೆ ಡಾಕ್ಟರ ಸಹಿ ಬೇಕು. ಗುರು ಅಮ್ಮನ ತಂಗಿಯ ಮಗ. ಮಠದ ಜನಕ್ಕೆ ಅವನು ಸರ್ಟಿಫಿಕೇಟು ಕೊಡುವುದು ಸ್ವಾಮಿಗಳು ಮಂತ್ರಾಕ್ಷತೆ ಕೊಟ್ಟ ಹಾಗೆ, ಕೈ ಚಾಚಿದವರಿಗೆಲ್ಲ. ಅಪ್ಪನ ಕಣ್ಣು ನೋಡಿದ, ಬಿ.ಪಿ. ನೋಡಿದ, ಪೆನ್ನಿನ ಮುಚ್ಚಳ ತೆಗೆದ.

"ತಲೆ ಸುತ್ತು, ಪ್ರಜ್ಞೆ ತಪ್ಪೋದು, ಅಂಥಾದ್ದೇನೂ ಇಲ್ವಲ್ಲ ದೊಡ್ಡಪ್ಪಾ?"

"ಇಲ್ಲಪ್ಪ" ಅಂದರು ಅಪ್ಪ, ಕಿಟಕಿ ನೋಡುತ್ತ.

ಪೆನ್ನು ಕಾಗದದ ಹತ್ತಿರ ಬಂತು. ನನಗೆ ಆ ತಳ್ಳುಗಾಡಿಯ ಮನುಷ್ಯ ನೆನಪಾದ. ಅವನ ಮುಖ ನಾನು ನೋಡಿಲ್ಲ, ಆದರೂ ನೆನಪಾದ.

"ಇದೆ" ಅಂದೆ. "ಬುಧವಾರ ಆಗಿದೆ. ಗಾಡಿ ಓಡಿಸ್ತಿದ್ದಾಗ. ಸಮೀಕ್ಷಾ ಪಕ್ಕದಲ್ಲಿದ್ಲು."

ಅಪ್ಪ ನನ್ನನ್ನು ನೋಡಿದರು. ನಾನು ಎಂದಿಗೂ ಮರೆಯಲಾರದ ನೋಟ ಅದು. ಗುರು ಪೆನ್ನಿಗೆ ಮುಚ್ಚಳ ಹಾಕಿ, ಅಷ್ಟನ್ನೂ ಕೇಳಿಕೊಂಡ.

"ದೊಡ್ಡಪ್ಪಾ, ಈ ಮಾತ್ರೆ ಸಕ್ಕರೆ ಇಳಿಸ್ತದೆ. ಹೊಟ್ಟೇಲಿ ಏನೂ ಇಲ್ದೆ ಇದ್ರೆ ಇಳೀತಾನೇ ಹೋಗ್ತದೆ. ಅವತ್ತು ಯಾರೂ ಸಾಯ್ಲಿಲ್ಲ ಅನ್ನೋದು ರಾಯರ ದಯೆ. ಏಕಾದಶಿ ಬಿಡಿ, ಹೊತ್ತುಹೊತ್ತಿಗೆ ಊಟ ಮಾಡಿ, ಆರು ತಿಂಗಳು ಸರಿಯಾಗಿದ್ರೆ ನಾನೇ ಸಹಿ ಹಾಕ್ತೀನಿ. ಏಕಾದಶಿ ಬಿಡಲ್ಲ ಅಂದ್ರೆ ಅವತ್ತು ಮಾತ್ರೆ ಬೇಡ, ಹಾಲು ಹಣ್ಣು ತಗೊಳ್ಳಿ, ಆದ್ರೆ ಕಾರು ಓಡಿಸೋದು ಬಿಟ್ಬಿಡಿ. ಎರಡರಲ್ಲಿ ಒಂದು."

ಅಪ್ಪ ಫಾರಂ ಮಡಚಿ ಜೇಬಿಗಿಟ್ಟುಕೊಂಡರು. ಮನೆಗೆ ನಾನು ಓಡಿಸಿದೆ. ಅವರು ಹಿಂದಿನ ಸೀಟಿನಲ್ಲಿ ಕೂತರು. ಆಮೇಲೆ ಹತ್ತು ದಿನ ನನ್ನೊಡನೆ ಮಾತಿಲ್ಲ. ಕಾರು ಮುಟ್ಟಲಿಲ್ಲ, ಆದರೆ ದಿನಾ ಬೆಳಿಗ್ಗೆ ಕೆಳಗಿಳಿದು ಒದ್ದೆ ಬಟ್ಟೆಯಿಂದ ಒರೆಸಿ ಬರುತ್ತಿದ್ದರು. ಅವರು ಕಾರನ್ನೇ ಉಳಿಸಿಕೊಳ್ಳುತ್ತಾರೆ ಎಂದುಕೊಂಡೆ ನಾನು. ವ್ರತ ಮೂರು ವರ್ಷದ್ದು, ಸ್ಟಿಯರಿಂಗ್ ಐವತ್ತು ವರ್ಷದ್ದು.

ಮುಂದಿನ ದಶಮಿಯ ಸಂಜೆ ಸಮೀಕ್ಷಾ ಬಂದು, "ಅಮ್ಮಾ, ತಾತಾ ಕೂಪ್ಪಿಡ್ರಾರು, ಕಾರ್ ಹತ್ರ ಬರ್ಬೇಕಂತೆ" ಎಂದು ಕರೆದಳು. ಅಪ್ಪ ಸ್ಟಿಯರಿಂಗ್ ಮುಂದೆ ಕೂತಿದ್ದರು. ನಾನು ಎಡಗಡೆ ಕೂತೆ. ಸಮೀಕ್ಷಾ ಹಿಂದೆ ಹತ್ತಿದಳು.

"ಪಾಪು, ಇಲ್ಕೇಳು" ಅಂದರು ಅಪ್ಪ. "ಅವತ್ತು ನಿನಗೆ ಹೇಳ್ಬೇಡ ಅಂದೆನಲ್ಲ, ಅದು ತಾತನ ತಪ್ಪು. ನೀನು ಅಮ್ಮನಿಗೆ ಹೇಳಿದ್ದು ಸರಿ. ಇನ್ಮೇಲೆ ಯಾರಾದ್ರೂ ಹೇಳ್ಬೇಡ ಅಂದ್ರೆ ಮೊದಲು ಬಂದು ಅಮ್ಮನಿಗೆ ಹೇಳು. ಈಗ ಹೋಗಿ ಆಟ ಆಡು."

ಅವಳು ಇಳಿದು ಓಡಿದಳು.

"ನಾನು ಏಕಾದಶಿ ಬಿಡಲ್ಲ ಸುಮೀ" ಅಂದರು. "ನಿಮ್ಮಮ್ಮ ಹಸ್ಕೊಂಡು ಕೂತಿರೋವಾಗ ನಾನು ದೋಸೆ ತಿಂದು ಬಂದು, ಅವಳ ಪಕ್ಕದಲ್ಲೇ ಕೂತು ಸಹಸ್ರನಾಮ ಹೇಳ್ದೆ. ಅವಳಿದ್ದಾಗ ಜತೆಗಿರಲಿಲ್ಲ. ಈಗಾದ್ರೂ ಇರ್ತೀನಿ. ಗುರು ಹೇಳ್ದ ಹಾಗೆ ಹಾಲು ಕುಡೀತೀನಿ. ಕಾರು ಬೇಡ." ಸ್ಟಿಯರಿಂಗ್ ಮೇಲಿನ ಧೂಳು ಒರೆಸುತ್ತ, "ನಿನ್ನ ಕೈಲೂ ಸುಳ್ಳು ಹೇಳಿಸ್ದೆ. ತಪ್ಪಾಯ್ತು" ಅಂದರು.

ನನಗೆ ತಡೆಯಲಾಗಲಿಲ್ಲ. "ಅದಕ್ಕೆ ಮಾತ್ರ ತಪ್ಪಾಯ್ತು ಅನ್ಬೇಡಿ ಅಪ್ಪಾ. ನನಗೆ ಅದಕ್ಕಿಂತ ಒಳ್ಳೇ ನೆನಪು ಇನ್ನೊಂದಿಲ್ಲ. ಆ ರಾಯಪೇಟೆ, ಆ ಕಿಟ್ಟಣ್ಣ, ಆ ಮರೀನಾ ಗಾಳಿ, ಅದನ್ನೂ ತಪ್ಪು ಅಂದ್ರೆ ನನ್ನ ಹತ್ರ ಏನು ಉಳೀತದೆ?"

ಅಪ್ಪ ನಿಧಾನವಾಗಿ ಹೇಳಿದರು. "ಏಕಾದಶಿ ಸಂಜೆ ನೀನು ಅವಳಿಗೆ ತಲೆ ಬಾಚಿದ್ಮೇಲೆ ಪಾಪು ನನ್ನ ಹತ್ರ ಬಂತು. ಅಮ್ಮನಿಗೆ ಹೇಳ್ಬಿಟ್ಟೆ ತಾತಾ ಅಂತ ಅತ್ತಿತು. ನಿನಗೆ ಗೊತ್ತಾಗಿದೆ ಅಂತ ನನಗೆ ಅವತ್ತೇ ಗೊತ್ತು. ದ್ವಾದಶಿ ಬೆಳಿಗ್ಗೆ ಚಂದ್ರಮತಿ ಅಮ್ಮನ್ನ ಕೂರಿಸ್ಕೊಂಡು ಎಂಜಿನ್ ಸ್ಟಾರ್ಟ್ ಮಾಡಿ ಇಲ್ಲೇ ಹತ್ತು ನಿಮಿಷ ಕಾದೆ. ನೀನು ಬಂದು ಬೀಗದ ಕೈ ಕಿತ್ಕೋತೀಯ ಅಂತ. ಬಾಲ್ಕನಿ ಪರದೆ ಸರೀತು. ನೀನು ಬರ್ಲಿಲ್ಲ."

"ನಿಮ್ಮನ್ನ ಹೇಗೆ ತಡೀಬೇಕು ಅಂತ ನನಗೆ..." ಎಂದೆ.

"ನಿನ್ನ ಬೈತಿಲ್ಲ. ಕಾರಿನ ಮಾತಿಗೆ ಬಾಯಿ ಮುಚ್ಚೋದು ಕಲಿಸಿದ್ದು ನಾನೇ ತಾನೇ? ಅದಕ್ಕೇ ತಪ್ಪಾಯ್ತು ಅಂದದ್ದು. ಆ ಮುದುಕಿ ಹಿಂದೆ ಕೂತು ಸ್ತೋತ್ರ ಹೇಳ್ಕೊಂಡಿದ್ರು ಸುಮೀ. ಅವರಿಗೆ ಏನೂ ಗೊತ್ತಿರ್ಲಿಲ್ಲ. ಇಬ್ರಿಗೂ ಗೊತ್ತಿತ್ತು, ಇಬ್ರೂ ಸುಮ್ನೆ ಇದ್ವಿ."

ನಾನು ಅತ್ತೆ. ಚಿಕ್ಕ ಹುಡುಗಿಯ ಹಾಗೆ ಸದ್ದು ಮಾಡಿಯೇ ಅತ್ತೆ. ಅಪ್ಪ ಬೀಗದ ಕೈ ತೆಗೆದು ನನ್ನ ಮಡಿಲಲ್ಲಿಟ್ಟು, ಬಾಗಿಲು ತೆರೆದು ಇಳಿದರು. ಕಾರಿನ ಮುಂದಿನಿಂದ ಸುತ್ತಿಕೊಂಡು, ಬಾನೆಟ್ಟಿನ ಮೇಲೆ ಕೈಯೂರಿಕೊಂಡು, ನಾನು ಕೂತಿದ್ದ ಕಡೆಗೆ ಬಂದು ಬಾಗಿಲು ತೆಗೆದರು.

"ಏಳು. ಇನ್ಮೇಲೆ ಇದು ನನ್ನ ಜಾಗ" ಅಂದರು.