ಸೂಜಿ ಚುಚ್ಚಿದ ನಿಂಬೆಹಣ್ಣು

ಆ ದಿನಗಳಲ್ಲಿ ನನ್ನ ಮೇಜಿನ ಮೇಲೊಂದು ನಿಂಬೆಹಣ್ಣಿತ್ತು. ಅದರ ಮೇಲರ್ಧದ ತುಂಬ ಅರವತ್ತು ಗುಂಡುಸೂಜಿ. ಕಸ ಗುಡಿಸುವ ದ್ಯಾವಮ್ಮ ಅದನ್ನು ಕಂಡವಳೇ ಹಿಂದೆ ಸರಿದಿದ್ದಳು. "ಯಾರ ಮ್ಯಾಲಮ್ಮ ಮಾಟ? ಹೇಳ್ಬುಡಿ, ನಾನು ಆ ಕಡೀಕೇ ಹೋಗಾಕಿಲ್ಲ," ಎಂದಳು. ನಾವೆಲ್ಲ ನಕ್ಕೆವು.

ಅದು ನನ್ನ ಪಾಠ. ಆಸ್ಪತ್ರೆಯ ಎಂಆರ್‌ಐ ಕೋಣೆಯಲ್ಲಿ ನನಗಿಂತ ಹಿರಿಯರಾದ ಇಂದ್ರಾಣಿ ಮೇಡಂ ಹಾಗೆ ಕಲಿಸಿದ್ದರು. ಮಿದುಳಿನಲ್ಲಿ ನೀರು ನರದ ಎಳೆಗಳ ಉದ್ದಕ್ಕೆ ಸಲೀಸಾಗಿ ಸರಿಯುತ್ತದೆ, ಅಡ್ಡಕ್ಕೆ ಅಷ್ಟು ಸರಿಯುವುದಿಲ್ಲ. ನೀರು ಈ ಕಡೆ ಹೋಗುತ್ತಿದೆಯೇ ಎಂದು ಯಂತ್ರ ಒಂದೊಂದೇ ದಿಕ್ಕಿನಲ್ಲಿ ಕೇಳುತ್ತ ಹೋದರೆ ಕೊನೆಗೆ ಎಳೆಗಳ ನಕ್ಷೆ ಸಿಗುತ್ತದೆ. ಗಡ್ಡೆ ತೆಗೆಯುವಾಗ ಚಾಕು ಎಲ್ಲಿ ತಾಗಬಾರದೆಂದು ಸರ್ಜನ್ ಅದರಲ್ಲೇ ನೋಡಿಕೊಳ್ಳುತ್ತಾರೆ. ಒಂದು ಸೂಜಿಯೆಂದರೆ ಒಂದು ದಿಕ್ಕು. ಯಂತ್ರದಲ್ಲಿದ್ದ ದಿಕ್ಕುಗಳು ಸಾಕಾಗುವುದಿಲ್ಲವೆಂದು ಸರ್ಜನ್ ಹೇಳಿದ್ದರಿಂದ ನಮ್ಮದೇ ಪಟ್ಟಿಯನ್ನು ನಾನು ಬರೆಯಬೇಕಿತ್ತು. ತೊಟ್ಟಿನ ಸುತ್ತಲಿನ ಸೂಜಿಗಳಿಂದ ಶುರುಮಾಡಿ ಹಣ್ಣಿನ ನಡುವಿನವರೆಗೆ, ಸುತ್ತು ಸುತ್ತಾಗಿ ಬರೆದೆ. ಮಾಲೆ ಕಟ್ಟಿದ ಹಾಗೆ ಒಪ್ಪವಾಗಿತ್ತು.

ಮೇಡಂ ಅದನ್ನು ನೋಡಿ ಒಪ್ಪಲಿಲ್ಲ. "ಸಾಲಾಗಿ ಬೇಡ ಕಣೆ, ಕಲಸಿ ಬರಿ. ಪೇಷಂಟು ಅರ್ಧಕ್ಕೇ ಎದ್ದುಬಿಟ್ರೆ, ಆದಷ್ಟಾದ್ರೂ ಎಲ್ಲಾ ಕಡೆಯಿಂದ ಆಗಿರ್ಬೇಕು."

ನಾಳೆ ಕಲಸಿದರಾಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅಷ್ಟು ಒಪ್ಪವಾದದ್ದನ್ನು ಕೆಡಿಸಲು ಮನಸ್ಸಾಗಲಿಲ್ಲ. ಮೇಡಂ ರಜೆ ಹೋದರು. ಆ ವಾರವೇ ಚೆನ್ನಾಜಮ್ಮ ಬಂದಳು.

ನಲವತ್ತರ ಹೆಂಗಸು. ಗಡ್ಡೆ ಎಡಗಡೆ, ಮಾತಿನ ಎಳೆಗಳ ಪಕ್ಕದಲ್ಲೇ. ಮಲಗಿಸುವಾಗ ನನ್ನ ಕೈ ಹಿಡಿದುಕೊಂಡಳು. "ಮಾತೊಂದು ಉಳಿಸ್ಕೊಡ್ರವ್ವ. ನಮ್ಮತ್ತೇಗೆ ಕಣ್ಣಿಲ್ಲ. ಇಲ್ಲಿ ಮೆಟ್ಲು, ಇಲ್ಲಿ ಒಲೆ ಅಂತ ದಿನಾ ಹೇಳೋಳು ನಾನೇಯ. ಬೈಯೋಕೂ ಅವ್ರಿಗೆ ನಾನೇ ಬೇಕು."

ಮೂವತ್ತೊಂದನೆಯ ದಿಕ್ಕು ಮುಗಿದಾಗ ಅವಳು ನಮ್ಮನ್ನು ಕರೆಯಲೆಂದು ಕೈಗೆ ಕೊಟ್ಟಿದ್ದ ರಬ್ಬರ್ ಬಲ್ಬು ಒತ್ತಿದಳು. ಉಸಿರು ಕಟ್ಟುತ್ತಿದೆ ಎಂದು ಅತ್ತು, ವಾಂತಿ ಮಾಡಿಕೊಂಡು, ಮತ್ತೆ ಒಳಗೆ ಹೋಗಲು ಒಪ್ಪಲಿಲ್ಲ. ಕಂಪ್ಯೂಟರು ಇದ್ದಷ್ಟರಲ್ಲೇ ನಕ್ಷೆ ಬರೆಯಿತು. ತೊಟ್ಟಿನ ಕಡೆಯ, ಎಂದರೆ ಮೇಲೆ-ಕೆಳಗಿನ ದಿಕ್ಕುಗಳಷ್ಟೇ ಆಗಿದ್ದವು; ಹಿಂದುಮುಂದಿನವು ಹಣ್ಣಿನ ನಡುವಿನಲ್ಲಿ ಉಳಿದುಹೋಗಿದ್ದವು. ಹಿಂದುಮುಂದಾಗಿ ಹರಿಯುವ ಮಾತಿನ ಎಳೆಗಳು ಗಡ್ಡೆಯ ಬಳಿ ಮಾಸಿಹೋಗಿ, ಅಲ್ಲಿ ಏನೂ ಇಲ್ಲವೆನ್ನುವಂತೆ ಕಾಣುತ್ತಿತ್ತು.

ಸರ್ಜನ್ ಫೋನಿನಲ್ಲಿ ಕೇಳಿದರು, "ಇಷ್ಟು ಸಾಕೇನಮ್ಮ?"

ಸಾಲದು ಎಂದರೆ ಏಕೆಂದು ಹೇಳಬೇಕಿತ್ತು.

"ಸಾಕು ಸರ್," ಎಂದೆ.

ಆ ನಕ್ಷೆಯನ್ನೇ ನಂಬಿ ಅವರು ಗಡ್ಡೆ ತೆಗೆದರು. ಎರಡು ತಿಂಗಳ ಮೇಲೆ ಮರುಪರೀಕ್ಷೆಗೆ ಚೆನ್ನಾಜಮ್ಮ ಮತ್ತೆ ಬಂದಳು, ಸೆರಗಿನ ತುದಿಯನ್ನು ಅತ್ತೆಯ ಕೈಗೆ ಕೊಟ್ಟು. ಸ್ಕ್ಯಾನ್ ಮುಗಿದು ಹೊರಗೆ ಬಂದಾಗ ಬೆಂಚಿನ ಮೇಲಿದ್ದ ಮುದುಕಿ ಹೆಜ್ಜೆಯ ಸದ್ದಿಗೆ ಮುಖವೆತ್ತಿತು. "ಚೆನ್ನಾಜೀ, ನೀನೇನೇ? ಒಂದ್ ಮಾತಾಡೇ."

ಎರಡು ಮಾರು ದೂರದಲ್ಲಿ ನಿಂತಿದ್ದ ಅವಳ ತುಟಿಗಳು ಅಲುಗಿದವು. ಗಂಟಲಲ್ಲಿ ಏನೋ ಹೊರಳಿತು. ಕೊನೆಗೆ ಎರಡು ಸಲ ಚಪ್ಪಾಳೆ ತಟ್ಟಿದಳು. ಮುದುಕಿ ಆ ಸದ್ದಿನತ್ತ ಎದ್ದು, ಅಡ್ಡವಿದ್ದ ಸ್ಟೂಲಿಗೆ ಎಡವಿತು. ಸೊಸೆ ಓಡಿಬಂದು ಹಿಡಿದುಕೊಂಡಳು. ಆಮೇಲೆ ನನ್ನನ್ನು ಕಂಡು ಕೈಮುಗಿದಳು.

ರಜೆ ಮುಗಿಸಿ ಬಂದಾಗಲೇ ಮೇಡಂ ನನ್ನ ಹಳೆಯ ಪಟ್ಟಿ ತೆಗೆದು ನೋಡಿದ್ದರಂತೆ. ನಾನಾಗಿ ಹೇಳಲಿ ಎಂದು ಬಹಳ ದಿನ ಕಾದರಂತೆ. ನಾನು ಹೇಳಲಿಲ್ಲ. ಅಂದು ಚೆನ್ನಾಜಮ್ಮ ಹೋದ ಮೇಲೆ, ಯಂತ್ರ ಕೇಳದೇ ಉಳಿದ ಇಪ್ಪತ್ತೊಂಬತ್ತು ದಿಕ್ಕುಗಳ ಸೂಜಿಗಳನ್ನು ಒಂದೊಂದಾಗಿ ಕಿತ್ತೆ.

"ಒಣಗೋಗೈತೆ, ಎಸೀಲೇನಮ್ಮ?" ಎಂದು ದ್ಯಾವಮ್ಮ ಹಣ್ಣನ್ನು ಅಂಗೈಯಲ್ಲಿ ಹಿಡಿದು ಕೇಳಿದಳು. ಅವಳಿಗೀಗ ಭಯವಿರಲಿಲ್ಲ. ನಾನು ಕೈಚಾಚಿ ಇಸಿದುಕೊಂಡೆ. ತೊಟ್ಟಿನ ಸುತ್ತ ಸೂಜಿಗಳು ತುಕ್ಕು ಹಿಡಿದು ನಿಂತಿದ್ದವು. ನಡುವಿನ ಸುತ್ತ ಬರೀ ತೂತುಗಳಿದ್ದವು, ಸುತ್ತು ಸುತ್ತಾಗಿ, ಒಪ್ಪವಾಗಿ.