ಬ್ಯಾಟರಿ ಬದಲಿಸುವಷ್ಟು ಹೊತ್ತು

ಬೆಳಗಿನ ಮೀಟಿಂಗಿನಲ್ಲಿ ಮೇಷ್ಟ್ರು ಮೇಜು ಗುದ್ದಿದರು. ನಮ್ಮ ಚಾನೆಲ್ಲಿನ ಹಿರಿಯ ವರದಿಗಾರರು ಅವರು. ಎಲ್ಲರಿಗೂ ನೀತಿಪಾಠ ಹೇಳುತ್ತಾರೆಂದು ನಾವು ಇಟ್ಟ ಹೆಸರು ಅದು.

"ಆ ಮುಖಂಡ ಬಾಯಿ ಬಿಟ್ರೆ ಬರೀ ಹೊಲಸು. ಕ್ಯಾಮೆರಾ ಹೋಗದಿದ್ರೆ ತಾನಾಗೇ ತೆಪ್ಪಗಾಗ್ತಾನೆ. ಇನ್ಮೇಲೆ ಅವನನ್ನ ತೋರಿಸೋದೇ ಬೇಡ."

ಕ್ಯಾಮೆರಾ ಹೊರುವ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆ ಮುಖಂಡ ನಮ್ಮ ಚಾನೆಲ್ಲಿಗೆ ಮಾತ್ರ ಸಂದರ್ಶನ ಕೊಡುತ್ತಾನಂತೆ ಎಂದು ಮಾಲೀಕರು ಫೋನು ಮಾಡಿದ್ದೇ ತಡ, ಮಧ್ಯಾಹ್ನಕ್ಕೆ ಮೇಷ್ಟ್ರೂ ನಾನೂ ಅವನ ಸೋಫಾದ ಎದುರಿಗಿದ್ದೆವು.

ವಲಸೆ ಬಂದವರ ಮೇಲೆ ಅವನು ಹರಿಹಾಯುತ್ತಿದ್ದ. ಕತ್ತಿನ ನರ ಉಬ್ಬಿತ್ತು, ತುಟಿಯ ಮೂಲೆಯಲ್ಲಿ ನೊರೆ ಕಟ್ಟಿತ್ತು. ಅಷ್ಟರಲ್ಲಿ ನನ್ನ ಬ್ಯಾಟರಿ ಮುಗಿಯಿತು. ನಿಲ್ಲಿಸಿ ಎಂದು ಕೈಯೆತ್ತಿದೆ.

ನಲ್ಲಿ ತಿರುಗಿಸಿದ ಹಾಗೆ ಸಿಟ್ಟು ನಿಂತುಹೋಯಿತು. ನೊರೆ ಒರೆಸಿಕೊಂಡು, "ಊಟ ಆಯ್ತೇನಪ್ಪಾ?" ಎಂದು ನನ್ನನ್ನು ಕೇಳಿದ. ದನಿ ಬೆಣ್ಣೆಯಂತಿತ್ತು. ಫೋನಿನಲ್ಲಿ ಮುಖ ನೋಡಿಕೊಂಡು ಕೂದಲು ಸರಿ ಮಾಡಿಕೊಂಡ. ಅವನ ಬೈಗುಳವನ್ನಾದರೂ ಸಹಿಸಿಕೊಂಡಿದ್ದೆ, ಈ ನಯವನ್ನು ಸಹಿಸಲಾಗಲಿಲ್ಲ. ಅಷ್ಟೊಂದು ದ್ವೇಷದಲ್ಲಿ ಒಂದು ಚೂರಾದರೂ ಅವನ ಒಳಗಿನದಾಗಿರಬಾರದಿತ್ತೇ?

ಹೊಸ ಬ್ಯಾಟರಿ ಹಾಕಿ ತಲೆಯಾಡಿಸಿದೆ. ಅವನು ಹಣೆ ಉಜ್ಜಿಕೊಂಡ.

"ಎಲ್ಲಿಗೆ ನಿಲ್ಲಿಸಿದ್ದೆ?"

ಪಕ್ಕದಲ್ಲಿದ್ದ ಮೇಷ್ಟ್ರು ಮುಂದಕ್ಕೆ ಬಾಗಿ, ಪದ್ಯ ಮರೆತ ಹುಡುಗನಿಗೆ ಹೇಳಿಕೊಡುವ ಹಾಗೆ ಮೆತ್ತಗೆ ಅಂದರು:

"'ಇವರೆಲ್ಲ ಚರಂಡಿ ಹುಳುಗಳು' ಅಂದಿದ್ರಿ, ಸರ್. ಅಲ್ಲಿಂದ ಶುರು ಮಾಡಿ."